ಗುಂಡಿಯ ಅನಿಲ, ಸಿಲಿಂಡರಿನ ಅನಿಲ

ನಾರ್ವೆ ಎಂದೊಡನೆ ಪಟ್ಟಣದ ಬಹುಮಂದಿ ಕೇಳುಗರ ಮನಸ್ಸು ಯೂರೋಪಿನ ಉತ್ತರ ತುದಿಗೆ ಹಾರುತ್ತದೆ. ಹಿಮ, ಕಡಿದಾದ ಕಡಲತಡಿ, ನಡುರಾತ್ರಿಯ ಸೂರ್ಯ ಕಣ್ಣಮುಂದೆ ನಿಲ್ಲುತ್ತವೆ. ನಾನು ಹೇಳಹೊರಟಿರುವ ನಾರ್ವೆ ಅದಲ್ಲ. ಇದು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟ, ಗದ್ದೆ, ಗುಡ್ಡ, ಒಂದರಿಂದೊಂದು ದೂರ ನಿಂತ ಮನೆಗಳು, ತಿಂಗಳುಗಟ್ಟಲೆ ಬಿಡದ ಮಳೆ: ಇದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯ ಪರಿಚಿತ ಚಿತ್ರ. ಆದರೂ ಹೆಸರಿನ ಸಾಮ್ಯದ ನೆಪದಲ್ಲಿ ಆ ದೂರದ ದೇಶದಿಂದಲೇ ಮಾತು ಆರಂಭಿಸುತ್ತೇನೆ. ನನ್ನ ವಿಷಯಕ್ಕೆ ಅದರಿಂದ ಉಪಕಾರವಾಗುತ್ತದೆ.

ಆ ದೇಶಗಳಲ್ಲಿ ಚಕ್ರದ ಮೇಲೆ ಮನೆ ಕಟ್ಟಿಕೊಂಡು ಊರೂರು ತಿರುಗುವವರುಂಟು. ಮಂಚ, ಅಡುಗೆಮನೆ, ಸ್ನಾನದ ಮನೆ ಎಲ್ಲವೂ ಒಂದೇ ವಾಹನದಲ್ಲಿ. ಅಂಥ ವಾಹನ ಕೊಳ್ಳುವವರ ಮುಂದೆ ಒಂದು ಪ್ರಶ್ನೆ ಏಳುತ್ತದೆ: ಒಲೆಗೆ ಬೇಕಾದ ಅನಿಲವನ್ನು ವಾಹನದ ತಳಕ್ಕೆ ಬಿಗಿದ ಸ್ಥಿರ ತೊಟ್ಟಿಯಲ್ಲಿ ತುಂಬಿಸಿಕೊಳ್ಳುವುದೋ, ಎತ್ತಿ ಇಳಿಸಬಹುದಾದ ಸಿಲಿಂಡರುಗಳನ್ನು ಇಟ್ಟುಕೊಳ್ಳುವುದೋ? ತೊಟ್ಟಿಯಾದರೆ ಎತ್ತುವ ಶ್ರಮವಿಲ್ಲ, ಆದರೆ ತುಂಬುವ ಕೇಂದ್ರಕ್ಕೆ ವಾಹನವೇ ಹೋಗಬೇಕು. ಸಿಲಿಂಡರಾದರೆ ಬರಿದಾದದ್ದನ್ನು ಬದಲಿಸಬಹುದು, ಆದರೆ ಹೊರಬೇಕು. ಅಲ್ಲಿ ಮನೆ ಚಲಿಸುತ್ತದೆ, ಅನಿಲ ಒಂದೆಡೆ ಕಾದಿರುತ್ತದೆ. ನಮ್ಮ ಮಲೆನಾಡಿನಲ್ಲಿ ಮನೆ ನಿಂತಿದೆ, ಅನಿಲ ಬರಬೇಕು. ಇಲ್ಲವೆ ಮನೆಯ ಹಿತ್ತಿಲಲ್ಲೇ ಹುಟ್ಟಬೇಕು. ಹಿತ್ತಿಲಲ್ಲಿ ಹುಟ್ಟುವುದು ಗೋಬರ್ ಗ್ಯಾಸು, ರಸ್ತೆಯಲ್ಲಿ ಬರುವುದು ಸಿಲಿಂಡರು. ಇವೆರಡರ ನಡುವಣ ಆಯ್ಕೆಯೇ ಇಂದಿನ ವಿಷಯ.

ಸಗಣಿಯಿಂದ ಉರಿಯುವ ಅನಿಲ ಬರುವುದು ಹೇಗೆ? ಗಾಳಿಯಾಡದ ಗುಂಡಿಯಲ್ಲಿ ಸಗಣಿ ಮತ್ತು ನೀರು ಸಮಪ್ರಮಾಣದಲ್ಲಿ ಸೇರಿ ಕೊಳೆಯುವಾಗ ಸೂಕ್ಷ್ಮಜೀವಿಗಳು ಮೀಥೇನನ್ನು ಬಿಡುಗಡೆ ಮಾಡುತ್ತವೆ. ಕೆರೆಯ ಕೆಸರಿನಿಂದ ಏಳುವ ಗುಳ್ಳೆಗಳಲ್ಲಿರುವುದೂ ಇದೇ. ಇಟಲಿಯ ವಿಜ್ಞಾನಿ ವೋಲ್ಟಾ 1776ರಲ್ಲಿ ಅಲ್ಲಿನ ಒಂದು ಸರೋವರದ ಕೆಸರಿನಿಂದ ಇದನ್ನು ಹಿಡಿದು ಪರೀಕ್ಷಿಸಿದ್ದನು. ಗೋಬರ್ ಅನಿಲದಲ್ಲಿ ನೂರಕ್ಕೆ ಸುಮಾರು 55ರಿಂದ 65 ಪಾಲು ಮೀಥೇನ್. ಉಳಿದದ್ದರಲ್ಲಿ ಬಹುಪಾಲು ಉರಿಯದ ಇಂಗಾಲಾಮ್ಲ ವಾಯು. ನಮ್ಮ ದೇಶದಲ್ಲಿ ಜಶ್‌ಭಾಯಿ ಪಟೇಲರು ರೂಪಿಸಿದ, ಕಬ್ಬಿಣದ ಡ್ರಮ್ಮು ತೇಲುವ ಮಾದರಿಯನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 1960ರ ದಶಕದಲ್ಲಿ ಪ್ರಚಾರಕ್ಕೆ ತಂದಿತು. 1978ರಲ್ಲಿ ಡ್ರಮ್ಮಿಲ್ಲದ, ಇಟ್ಟಿಗೆಯ ಗುಮ್ಮಟದ ಜನತಾ ಮಾದರಿ ಬಂತು. 1984ರಲ್ಲಿ ಅದಕ್ಕಿಂತ ಅಗ್ಗದ ದೀನಬಂಧು ಬಂತು. 1981-82ರಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಯೋಜನೆ ಆರಂಭವಾದ ಮೇಲೆ ಸಹಾಯಧನದ ಬಲದಿಂದ ಹಳ್ಳಿಗಳ ಹಿತ್ತಿಲುಗಳಲ್ಲಿ ಈ ಗುಂಡಿಗಳು ಹೆಚ್ಚಿದವು.

ಸಿಲಿಂಡರಿನ ಕಥೆ ಬೇರೆ. ಅದರೊಳಗಿರುವುದು ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಒತ್ತಡದಲ್ಲಿ ಅದು ದ್ರವವಾಗುತ್ತದೆ; ಹೊರಗೆ ಬಿಟ್ಟರೆ ಸುಮಾರು ಇನ್ನೂರೈವತ್ತು ಪಟ್ಟು ಹಿಗ್ಗಿ ಅನಿಲವಾಗುತ್ತದೆ. ಹೀಗಾಗಿ ಒಂದು ಮೂಲೆಯಲ್ಲಿ ನಿಲ್ಲುವ ಕೆಂಪು ಸಿಲಿಂಡರಿನಲ್ಲಿ 14.2 ಕಿಲೋ ಇಂಧನ ಅಡಗಿರಬಲ್ಲುದು. ಇಂಡೇನ್ 1965ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಅದು ಪಟ್ಟಣಗಳ ಅಡುಗೆಮನೆಗಳನ್ನು ಹೊಕ್ಕು, ಬಹಳ ಕಾಲದ ಮೇಲೆ ಹಳ್ಳಿಗಳಿಗೆ ಬಂತು. 2016ರ ಮೇ 1ರಂದು ಆರಂಭವಾದ ಉಜ್ವಲ ಯೋಜನೆಯಿಂದ ಬಡ ಮನೆಗಳಿಗೂ ಅದು ತಲಪಿತು.

ಇನ್ನು ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡೋಣ. ಒಂದು ಘನಮೀಟರ್ ಗೋಬರ್ ಅನಿಲದ ಉರಿಯುವ ಶಕ್ತಿ ಸಿಲಿಂಡರಿನ ಅನಿಲದ ಸುಮಾರು 430 ಗ್ರಾಂಗೆ ಸಮ. ಹಾಗಾದರೆ 14.2 ಕಿಲೋ ಸಿಲಿಂಡರೆಂದರೆ ಸುಮಾರು 33 ಘನಮೀಟರ್ ಗೋಬರ್ ಅನಿಲ. ದಿನಕ್ಕೆ 2 ಘನಮೀಟರ್ ಕೊಡುವ ಸಣ್ಣ ಸ್ಥಾವರವು, ಪೂರ್ಣವಾಗಿ ಕೆಲಸ ಮಾಡಿದರೆ, ಹದಿನಾರು ಹದಿನೇಳು ದಿನಗಳಲ್ಲಿ ಒಂದು ಸಿಲಿಂಡರಿನಷ್ಟು ಇಂಧನ ಕೊಟ್ಟಂತಾಯಿತು. ಇದು ಸಣ್ಣ ಮಾತಲ್ಲ. ಆದರೆ ಅದಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಪುಸ್ತಕಗಳು ಒಂದು ಹಸುವಿಗೆ ದಿನಕ್ಕೆ 10 ಕಿಲೋ ಎಂದು ಲೆಕ್ಕ ಹಾಕಿ, ಐದು ಹಸುಗಳಿದ್ದರೆ ಸಾಕೆನ್ನುತ್ತವೆ. ಮಲೆನಾಡು ಗಿಡ್ಡ ಆ ಪುಸ್ತಕವನ್ನು ಓದಿಲ್ಲ. ಅದು ಚಿಕ್ಕ ಮೈಯ ತಳಿ. ಹಗಲೆಲ್ಲ ಗುಡ್ಡದಲ್ಲಿ ಮೇಯುವುದು ಅದರ ರೂಢಿ. ಸಗಣಿಯ ಅರ್ಧ ಪಾಲು ಗುಡ್ಡದಲ್ಲೇ ಉಳಿದರೆ ಗುಂಡಿಗೆ ಸಿಗುವುದೆಷ್ಟು?

ಇನ್ನೊಂದು ತೊಡಕು ನಮ್ಮ ಸೀಮೆಗೇ ವಿಶೇಷವಾದದ್ದು. ಇಲ್ಲಿ ಕೊಟ್ಟಿಗೆಯ ನೆಲಕ್ಕೆ ಸೊಪ್ಪಿನ ಬೆಟ್ಟದಿಂದ ತಂದ ಹಸಿ ಸೊಪ್ಪನ್ನೋ ತರಗೆಲೆಯನ್ನೋ ಹಾಸುತ್ತಾರೆ. ದನಗಳ ತುಳಿತದಲ್ಲಿ ಅದು ಸಗಣಿ, ಗಂಜಲಗಳೊಡನೆ ಬೆರೆತು ಕೊಟ್ಟಿಗೆ ಗೊಬ್ಬರವಾಗುತ್ತದೆ. ಅಡಿಕೆ ಮರದ ಬುಡಕ್ಕೆ ಬೀಳುವುದು ಈ ಗೊಬ್ಬರವೇ. ಸೊಪ್ಪು ಬೆರೆತ ಸಗಣಿ ಗ್ಯಾಸಿನ ಗುಂಡಿಗೆ ಆಗುವುದಿಲ್ಲ. ಎಲೆಯ ನಾರು ಮೇಲೆ ಕೆನೆಗಟ್ಟಿ ಅನಿಲದ ದಾರಿಗೆ ಅಡ್ಡ ಬರುತ್ತದೆ. ಆದ್ದರಿಂದ ಗುಂಡಿ ತೋಡುವವನು ಕೊಟ್ಟಿಗೆಯ ಪದ್ಧತಿಯನ್ನೇ ಬದಲಿಸಬೇಕಾಗುತ್ತದೆ. ಬದಲಿಸಿದರೆ ಗೊಬ್ಬರ ಹೋಯಿತೆಂದು ಅಂಜಬೇಕಾಗಿಲ್ಲ. ಗುಂಡಿಯಿಂದ ಹೊರಬರುವ ಬಗ್ಗಡದಲ್ಲಿ ಸಾರಜನಕ ಬಹುಮಟ್ಟಿಗೆ ಉಳಿದೇ ಇರುತ್ತದೆ. ಅನಿಲವಾಗಿ ಹೋಗುವುದು ಮುಖ್ಯವಾಗಿ ಇಂಗಾಲ. ಬಗ್ಗಡವನ್ನು ತೋಟಕ್ಕೆ ಹರಿಸಬಹುದು, ಸೊಪ್ಪಿನ ಮೇಲೆ ಸುರಿದು ಗೊಬ್ಬರವಾಗಿಸಲೂಬಹುದು. ಸಿಲಿಂಡರಿಗೆ ಈ ಎರಡನೆಯ ಫಲ ಇಲ್ಲ. ಅದು ಬರಿದಾದ ಮೇಲೆ ಉಳಿಯುವುದು ಕಬ್ಬಿಣ ಮಾತ್ರ.

ಎರಡಕ್ಕೂ ಇರುವ ಮೂಲಭೂತ ವ್ಯತ್ಯಾಸವನ್ನು ಹೀಗೆ ಹೇಳಬಹುದು: ಗುಂಡಿ ಒರತೆ, ಸಿಲಿಂಡರು ಕೊಡ. ಒರತೆ ದಿನವೂ ಜಿನುಗುತ್ತದೆ, ಆದರೆ ಕೂಡಿಡುವುದಿಲ್ಲ. ಡ್ರಮ್ಮಿನ ಮಾದರಿಯಲ್ಲಿ ಒಂದು ದಿನದ ಉತ್ಪತ್ತಿಯ ಅರ್ಧದಷ್ಟು, ದೀನಬಂಧುವಿನಲ್ಲಿ ಮೂರನೆಯ ಒಂದರಷ್ಟು ಮಾತ್ರ ಸಂಗ್ರಹವಾಗುತ್ತದೆ. ಮದುವೆಗೋ ಶ್ರಾದ್ಧಕ್ಕೋ ಮೂವತ್ತು ಮಂದಿ ಬಂದರೆ ಒರತೆ ಸೋಲುತ್ತದೆ. ಚಳಿಗಾಲದಲ್ಲೂ ಅದು ಮಂಕಾಗುತ್ತದೆ. ಈ ಸೂಕ್ಷ್ಮಜೀವಿಗಳಿಗೆ ಹಿತವಾದ ಉಷ್ಣತೆ ಸುಮಾರು 35 ಡಿಗ್ರಿ, 15ರ ಕೆಳಗೆ ಅವು ಬಹಳ ನಿಧಾನ. ಮಳೆಗಾಲದಲ್ಲಿ ಅಂತರ್ಜಲ ಮೇಲೆದ್ದು ಗುಂಡಿಯ ಗೋಡೆಯನ್ನು ಹೊರಗಿನಿಂದ ಒತ್ತುತ್ತದೆ. ಕೊಡ ಹಾಗಲ್ಲ. ಎಷ್ಟು ಬೇಕೋ ಅಷ್ಟು ಬಗ್ಗಿಸಿಕೊಳ್ಳಬಹುದು. ಆದರೆ ಆಷಾಢದ ಮಳೆಯಲ್ಲಿ ಧರೆ ಕುಸಿದು ರಸ್ತೆ ಕಟ್ಟಿದರೆ, ಸಂಕದಾಚೆಯ ಮನೆಗೆ ಕೊಡ ತಲಪುವುದಿಲ್ಲ.

ಈ ಲೆಕ್ಕಗಳಲ್ಲಿ ಎಲ್ಲಿಯೂ ಬಾರದ ಒಂದು ಬಾಬ್ತು ಉಂಟು. ಅದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಅತ್ತಿಗೆ. ಅಣ್ಣನ ಮನೆಯ ಡ್ರಮ್ಮು ತುಕ್ಕು ಹಿಡಿದು ತೂತಾಗಿತ್ತು. ಕೊಟ್ಟಿಗೆಯಲ್ಲಿ ಆಗ ನಾಲ್ಕು ದನಗಳಿದ್ದವು. ಮಕ್ಕಳು ಬೆಂಗಳೂರು ಸೇರಿದ್ದರು. ಡ್ರಮ್ಮು ಹೊಸದು ಹಾಕಿಸುವುದೋ, ಗುಂಡಿ ಮುಚ್ಚಿ ಸಿಲಿಂಡರನ್ನೇ ನಂಬುವುದೋ ಎಂದು ಅಣ್ಣ ಕೇಳಿದಾಗ ನಾನು ಕಾಗದದ ಮೇಲೆ ಘನಮೀಟರುಗಳ ಲೆಕ್ಕ ಬರೆಯತೊಡಗಿದೆ. ಅತ್ತಿಗೆ ಬಾಗಿಲ ಬಳಿ ನಿಂತು, "ಗ್ಯಾಸು ಪುಕ್ಕಟೆ ಅಂತ ನಿಮ್ಮಣ್ಣ ಇಪ್ಪತ್ತು ವರ್ಷದಿಂದ ಹೇಳ್ತಾ ಇದ್ದಾರೆ. ಸಗಣಿ ಕಲಸೋ ಕೈಯೂ ಪುಕ್ಕಟೆಯಾ? ಅದನ್ನೂ ಬರೀರಿ," ಎಂದರು. ಅಣ್ಣ ಮಾತಾಡಲಿಲ್ಲ. ಸಗಣಿ ಹೊರುವುದು, ನೀರು ಸೇರಿಸಿ ಗಂಟಿಲ್ಲದಂತೆ ಕಲಸುವುದು, ಕಸಕಡ್ಡಿ ಆರಿಸುವುದು, ಬಗ್ಗಡ ತೋಡುವುದು: ದಿನಕ್ಕೆ ಮುಕ್ಕಾಲು ಗಂಟೆ ಎಂದಿಟ್ಟುಕೊಂಡರೂ ವರ್ಷಕ್ಕೆ ಇನ್ನೂರ ಎಪ್ಪತ್ತು ಗಂಟೆಗಳನ್ನು ದಾಟುತ್ತದೆ. ಹೊಗೆಯ ಒಲೆಯಿಂದ ಹೆಂಗಸರನ್ನು ಬಿಡಿಸಲು ಬಂದ ಸಾಧನ, ಕೆಲಸವನ್ನು ಒಲೆಯ ಮುಂದಿನಿಂದ ಹಿತ್ತಿಲಿಗೆ ಸ್ಥಳಾಂತರಿಸಿತ್ತು. ಕೊನೆಗೆ ಡ್ರಮ್ಮು ಹೊಸದಾಯಿತು, ಒಂದು ಕರಾರಿನ ಮೇಲೆ: ಕಲಸುವ ಕೆಲಸ ಅಣ್ಣನದು. ಸಿಲಿಂಡರೂ ಉಳಿಯಿತು.

ಅಪಾಯದ ವಿಚಾರದಲ್ಲೂ ಇವೆರಡರ ಗುಣ ಬೇರೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಅಡುಗೆಮನೆಯಿಂದ ಒಂದು ಮೆಟ್ಟಿಲು ಇಳಿದರೆ ಬಚ್ಚಲು, ಅಲ್ಲಿ ಹಂಡೆಯ ಕೆಳಗೆ ಸದಾ ಕೆಂಡ. ಆದ್ದರಿಂದ ಸಿಲಿಂಡರನ್ನು ಬಚ್ಚಲಿನ ಕಡೆಯ ಗೋಡೆಗೆ ಇಡಬಾರದು. ನೆಟ್ಟಗೆ ನಿಲ್ಲಿಸಬೇಕು, ನೆಲಮಟ್ಟದಲ್ಲಿ ಗಾಳಿ ಹೊರಹೋಗುವ ಕಿಂಡಿಯಿರಬೇಕು. ಅದರ ಕುತ್ತಿಗೆಯ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲೊಂದು, ಜೊತೆಗೆ ವರ್ಷದ ಎರಡು ಅಂಕೆಗಳಿರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಮರುಪರೀಕ್ಷೆ ಆಗಬೇಕಾದ ಅವಧಿ ಅದು. ಅವಧಿ ದಾಟಿದ್ದನ್ನು ಮನೆಯೊಳಗೆ ತೆಗೆದುಕೊಳ್ಳಬಾರದು.

ಗೋಬರ್ ಅನಿಲ ಗಾಳಿಗಿಂತ ಹಗುರ, ಒತ್ತಡವೂ ಕಡಿಮೆ. ಅಡುಗೆಮನೆಯಲ್ಲಿ ಅದರ ಭಯ ಅಷ್ಟಿಲ್ಲ. ಅದರ ಅಪಾಯವಿರುವುದು ಗುಂಡಿಯಲ್ಲಿ. ರಿಪೇರಿಗೆಂದು ಬರಿದು ಮಾಡಿದ ಗುಂಡಿಯೊಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ವಿಷಾನಿಲವೂ ಇರಬಹುದು. ಒಬ್ಬ ಇಳಿದು ಕುಸಿದರೆ, ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಎಷ್ಟೇ ಅವಸರವಿರಲಿ, ಯಾರೂ ಹಾಗೆ ಇಳಿಯಕೂಡದು. ಕುಡಿಯುವ ನೀರಿನ ಬಾವಿಯಿಂದ ಗುಂಡಿ 15 ಮೀಟರಾದರೂ ದೂರವಿರಲಿ. ಸಿಲಿಂಡರಿನ ಒಲೆಯನ್ನೇ ಗೋಬರ್ ಗ್ಯಾಸಿಗೆ ಜೋಡಿಸಿದರೆ ಅದು ಸರಿಯಾಗಿ ಉರಿಯದು. ಇದಕ್ಕೆ ಅನಿಲ ಹೊರಡುವ ರಂಧ್ರ ದೊಡ್ಡದಿರುವ ಬೇರೆ ಒಲೆ ಬೇಕು. ಉರಿ ಕೆಮ್ಮುವಂತೆ ಕುಣಿದರೆ ಗ್ಯಾಸು ಮುಗಿಯಿತೆಂದು ತಿಳಿಯಬೇಡಿ. ಬಹುಮಟ್ಟಿಗೆ ಕೊಳವೆಯ ತಗ್ಗಿನಲ್ಲಿ ನೀರು ನಿಂತಿರುತ್ತದೆ, ಅದನ್ನು ಬಸಿದುಬಿಟ್ಟರೆ ಸರಿಹೋಗುತ್ತದೆ.

ಹಾಗಾದರೆ ಯಾವುದು ಮೇಲು? ಮನೆ ನೋಡದೆ ಉತ್ತರ ಹೇಳುವುದು ಸಾಧ್ಯವಿಲ್ಲ. ನಾಲ್ಕೈದು ದನ ಕಟ್ಟಿ ಮೇಯಿಸುವ, ತೋಟಕ್ಕೆ ಬಗ್ಗಡ ಬೇಕಾದ, ದಿನವೂ ಕಲಸಲು ಒಪ್ಪಿದ ಗಟ್ಟಿ ಕೈಯೊಂದಿರುವ ಮನೆಗೆ ಗುಂಡಿಯೇ ಮೇಲು. ಆಪತ್ತಿಗೆ ಒಂದು ಸಿಲಿಂಡರು ಜೊತೆಗಿರಲಿ. ಒಂದೇ ಹಸು, ಇಬ್ಬರೇ ವೃದ್ಧರು ಇರುವ ಮನೆಯಲ್ಲಿ ಗುಂಡಿಯನ್ನು ಅಭಿಮಾನಕ್ಕಾಗಿ ಉಳಿಸಿಕೊಳ್ಳುವುದು ಸಲ್ಲದು. ಅವರಿಗೆ ಎರಡು ಸಿಲಿಂಡರು, ಸಾಗಿಸಲು ಕಷ್ಟವಾದರೆ 5 ಕಿಲೋದ ಚಿಕ್ಕದು, ಸಾಕು. ಹಂಡೆಯ ನೀರಿಗೂ ಕಾರ್ತಿಕದಲ್ಲಿ ಅಡಿಕೆ ಬೇಯಿಸುವ ದೊಡ್ಡ ಉರಿಗೂ ಈ ಎರಡೂ ಸಾಲವು. ಸೌದೆ ಕೊಟ್ಟಿಗೆ ಸದ್ಯಕ್ಕೆ ಬರಿದಾಗದು. ತೀರ್ಮಾನಿಸುವ ಮೊದಲು ನಾಲ್ಕು ಲೆಕ್ಕ ಮಾಡಿ: ಕೊಟ್ಟಿಗೆಯಲ್ಲಿ ರಾತ್ರಿ ಬೀಳುವ ಸಗಣಿಯನ್ನು ಒಂದು ವಾರ ತೂಗಿ ನೋಡಿ, ಮಳೆಗಾಲದಲ್ಲಿ ಬಾವಿಯ ನೀರು ಎಷ್ಟು ಮೇಲೇರುತ್ತದೆಂದು ಗುರುತು ಹಾಕಿ, ವರ್ಷದಲ್ಲಿ ಎಷ್ಟು ದಿನ ವಾಹನ ಮನೆಗೆ ಬರಲಾರದೆಂದು ನೆನೆಯಿರಿ, ಕಲಸುವವರು ಯಾರೆಂದು, ಕಲಸಬೇಕಾದವರನ್ನೇ ಕೇಳಿ.