ಒಂಟಿ ಮಸೂರದ ಸೂಕ್ಷ್ಮದರ್ಶಕ

ಸೂಕ್ಷ್ಮದರ್ಶಕವೆಂದೊಡನೆ ಪ್ರಯೋಗಶಾಲೆಯ ಬೆಲೆಯುಳ್ಳ ಯಂತ್ರವು ನೆನಪಿಗೆ ಬರುವುದು ಸಹಜ. ಆದರೆ ಸಸ್ಯಶಾಸ್ತ್ರದ ಕೆಲವು ಮುಖ್ಯ ಸಂಗತಿಗಳು ತಿಳಿದುಬಂದುದು ಒಂದೇ ಮಸೂರವುಳ್ಳ ಸಾದಾ ಉಪಕರಣದಿಂದ. ಭೂತಗನ್ನಡಿಯೂ ಇದೇ ಜಾತಿಗೆ ಸೇರಿದುದಾದ್ದರಿಂದ ಈ ವಿಷಯವು ರೈತರಿಗೂ ಉಪಯುಕ್ತವಾದುದು.

ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಲೇವನ್‌ಹುಕ್ (1632–1723) ಎಂಬ ಬಟ್ಟೆಯ ವರ್ತಕನು ಎರಡು ಲೋಹದ ತಗಡುಗಳ ನಡುವೆ ಕಿರಿದಾದ ಮಸೂರವೊಂದನ್ನು ಕೂರಿಸಿ ನೋಡುತ್ತಿದ್ದನು. ಉಳಿದುಬಂದಿರುವ ಅವನ ಉಪಕರಣಗಳಲ್ಲೊಂದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಅನೇಕ ಮಸೂರಗಳ ಸಂಯುಕ್ತ ಯಂತ್ರವು ಆಗಲೇ ಇದ್ದಿತು. ಆದರೆ ಅದರಲ್ಲಿ ಮೊದಲನೆಯ ಮಸೂರದ ದೋಷವನ್ನು ಎರಡನೆಯದು ಮತ್ತಷ್ಟು ಹಿಗ್ಗಿಸುತ್ತಿದ್ದುದರಿಂದ, ಅಂಚುಗಳಲ್ಲಿ ಬಣ್ಣಗಳು ಮೂಡಿ ಬಿಂಬವು ಮಸುಕಾಗುತ್ತಿತ್ತು.

1827ರಲ್ಲಿ ಲಂಡನ್ನಿನ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನನು ಕ್ಲಾರ್ಕಿಯ ಎಂಬ ಹೂಗಿಡದ ಪರಾಗದೊಳಗಿನ ಕಣಗಳನ್ನು ನೀರಿನಲ್ಲಿಟ್ಟು ಒಂಟಿ ಮಸೂರದಿಂದ ಪರೀಕ್ಷಿಸಿದನು. ಅವು ಎಡೆಬಿಡದೆ ಅಲುಗುತ್ತಿದ್ದುವು. ಇದು ಜೀವದ ಲಕ್ಷಣವಿರಬಹುದೇ ಎಂಬ ಸಂಶಯದಿಂದ ಅವನು ಒಣಗಿದ ಗಿಡಗಳನ್ನೂ ಗಾಜಿನ ಹುಡಿಯನ್ನೂ ಪರೀಕ್ಷಿಸಲು, ಅಲ್ಲಿಯೂ ಅದೇ ಚಲನೆಯು ಕಂಡುಬಂದಿತು. 1831ರಲ್ಲಿ ಅವನು ಆರ್ಕಿಡ್ ಗಿಡಗಳ ಜೀವಕೋಶಗಳಲ್ಲಿದ್ದ ದುಂಡನೆಯ ಕೇಂದ್ರಭಾಗವನ್ನು ವಿವರಿಸಿ, ಅದಕ್ಕೆ ನ್ಯೂಕ್ಲಿಯಸ್ ಎಂಬ ಹೆಸರನ್ನಿತ್ತನು.

1830ರಲ್ಲಿ ಜೋಸೆಫ್ ಲಿಸ್ಟರನು ಮಸೂರಗಳ ದೋಷವನ್ನು ತಗ್ಗಿಸುವ ಕ್ರಮವನ್ನು ಪ್ರಕಟಿಸಿದ ತರುವಾಯ ಸಂಯುಕ್ತ ಯಂತ್ರವೇ ಮೇಲುಗೈಯಾಯಿತು. ಶಿಲೀಂಧ್ರರೋಗಗಳ ಬೀಜಾಣುಗಳನ್ನು ಗುರುತಿಸಲು ಈಗಲೂ ಅದೇ ಬೇಕು. ಆದರೆ ಹೊಲದ ಕೆಲಸಕ್ಕೆ 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯೇ ಬಹುಮಟ್ಟಿಗೆ ಸಾಕು.

ಅದನ್ನು ಹಿಡಿಯುವ ಕ್ರಮವನ್ನು ತಿಳಿಯದೆ ಹಲವರು ಬೇಸರಪಡುವುದುಂಟು. ಮಸೂರವನ್ನು ಕಣ್ಣಿಗೆ ಹತ್ತಿರವಾಗಿ ಹಿಡಿದು, ಎಲೆಯನ್ನು ಅದರಿಂದ ಸುಮಾರು ಒಂದು ಅಂಗುಲದಷ್ಟು ಸಮೀಪಕ್ಕೆ ತರಬೇಕು. ಬೆಳಕು ಎಲೆಯ ಮೇಲೆ ಬೀಳಬೇಕು. ಎಲೆಯ ತಳಭಾಗವನ್ನು ಹೀಗೆ ನೋಡಿದರೆ, ಬರಿಗಣ್ಣಿಗೆ ಚುಕ್ಕೆಯಂತೆ ತೋರುವ ಕೆಂಪುನುಸಿಯು ಕಾಲುಗಳ ಸಮೇತ ಸ್ಪಷ್ಟವಾಗಿ ಕಾಣುತ್ತದೆ.

ಕುದುರೆಮಸಾಲೆಯ ಬೀಜವನ್ನು ಕೊಳ್ಳುವಾಗಲಂತೂ ಇದರ ಪ್ರಯೋಜನವು ವಿಶೇಷ. ಒಳ್ಳೆಯ ಬೀಜವು ನುಣುಪಾಗಿ, ಬಹುಮಟ್ಟಿಗೆ ಮೂತ್ರಪಿಂಡದ ಆಕಾರದಲ್ಲಿರುತ್ತದೆ. ಅದರೊಡನೆ ಬೆರೆತು ಬರುವ ಕಸ್ಕ್ಯೂಟವೆಂಬ ಪರಾವಲಂಬಿ ಬಳ್ಳಿಯ ಬೀಜವು ಗುಂಡಾಗಿ, ಹೊಳಪಿಲ್ಲದೆ, ಒರಟಾಗಿರುತ್ತದೆ. ಈ ಬಳ್ಳಿಯು ಒಮ್ಮೆ ಹೊಲದಲ್ಲಿ ಹಬ್ಬಿತೆಂದರೆ ಪೈರನ್ನು ಹೀರಿ ಕೆಡಿಸುವುದಲ್ಲದೆ, ತನ್ನ ಬೀಜಗಳನ್ನು ಮಣ್ಣಿನಲ್ಲಿ ಉದುರಿಸಿ ಮುಂದಿನ ವರ್ಷಗಳಿಗೂ ತೊಂದರೆಯನ್ನು ಉಳಿಸುತ್ತದೆ. ಆದುದರಿಂದ ಬಿತ್ತುವುದಕ್ಕೆ ಮುಂಚೆ ಒಂದು ಹಿಡಿ ಬೀಜವನ್ನು ಬಿಳಿಯ ಕಾಗದದ ಮೇಲೆ ಹರಡಿ ಪರೀಕ್ಷಿಸುವುದು ಲೇಸು.