ಉಡಿಗೆ ಬಂದ ಕೂಸು

ಜತ್ತದಿಂದ ಪೂರ್ವದ ಹಳ್ಳಿಗಳಿಗೆ ಹೊರಡುವ ಎಸ್.ಟಿ. ಬಸ್ಸಿನಲ್ಲಿ ಟಿಕೀಟು ಕೊಡುವುದು ಮರಾಠಿಯಲ್ಲಿ, ಸೀಟಿಗಾಗಿ ಜಗಳಾಡುವುದು ಕನ್ನಡದಲ್ಲಿ. 2019ರ ಬೇಸಿಗೆಯಲ್ಲಿ ಅಂಥ ಒಂದು ಬಸ್ಸಿನಿಂದ ತಿಕೋಂಡಿಯಲ್ಲಿ ಇಳಿದು, ಊರ ಹೊರಗಿನ ತೋಟದ ವಸ್ತಿಯೊಂದಕ್ಕೆ ನಡೆದು ಹೋದೆ. ಬಾವಿಯ ನೀರು ತಳ ಕಂಡಿತ್ತು. ದಾಳಿಂಬೆ ಗಿಡಗಳನ್ನು ಟ್ಯಾಂಕರಿನ ನೀರಿನ ಮೇಲೆ ಉಳಿಸಿಕೊಂಡಿದ್ದರು. ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿ ನನ್ನ ಬಗಲಲ್ಲಿದ್ದ ಫೈಲನ್ನು ನೋಡಿ ಸೆರಗು ಸರಿಪಡಿಸಿಕೊಂಡರು.

"ತಂಗಿ, ನೀ ಯಾವ ಆಫೀಸಿನಾಕಿ? ಸಾಲದ ಮಂದಿ ಅಲ್ಲಲ್ಲ?"

"ಅಲ್ಲರಿ ಆಯಿ. ಕೂಸಿನ ಆಫೀಸಿನಾಕಿ."

"ಕೂಸಿಗೂ ಆಫೀಸ ಆತೇನ!"

ಆಯಿ ನಕ್ಕರು. ಆದರೆ ಒಳಗಿನಿಂದ ನೀರಿನ ತಂಬಿಗೆ ಹಿಡಿದು ಬಂದ ಸೊಸೆಯ ಮುಖದಲ್ಲಿ ನಗೆ ಇರಲಿಲ್ಲ. ಮದುವೆಯಾಗಿ ಹನ್ನೆರಡು ವರ್ಷ. ಮೀರಜದ ಡಾಕ್ಟರರು, ವಿಜಾಪುರದ ಡಾಕ್ಟರರು, ಹರಕೆ, ಉಪವಾಸ ಎಲ್ಲ ಮುಗಿದಿದ್ದವು. ಆಕೆಗೆ ಮೂವತ್ನಾಲ್ಕು, ಗಂಡನಿಗೆ ಮೂವತ್ತೆಂಟು. ದತ್ತಕಕ್ಕೆ ಹೆಸರು ನೋಂದಾಯಿಸಿದ್ದರು. ಅವರ ಮನೆಯನ್ನು ನೋಡಿ ವರದಿ ಬರೆಯುವುದು ನನ್ನ ಕೆಲಸ.

ನಮ್ಮ ಸಮಾಜದ ಒಕ್ಕಲುತನದ ಮನೆಯದು. ಅವರ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಕಾನೂನು ಬಿಡುವುದಿಲ್ಲ, ನನ್ನ ಮನಸ್ಸೂ ಒಪ್ಪುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ಸಂಗತಿಗಳನ್ನು ಬದಲಿಸಿಯೇ ಬರೆಯುತ್ತಿದ್ದೇನೆ.

ಮನೆ ನೋಡುವುದೆಂದರೆ ಎಷ್ಟು ಖೋಲಿ, ಫ್ರಿಜ್ ಇದೆಯೇ, ಹೊಲ ಎಷ್ಟು ಎಕರೆ ಎಂದು ಲೆಕ್ಕ ಹಾಕುವುದೆಂದು ಬಹಳ ಜನ ತಿಳಿದಿದ್ದಾರೆ. ಅದಕ್ಕಾಗಿ ಹಿಂದಿನ ದಿನವೇ ಸುಣ್ಣ ಬಳಿದು, ನೆಂಟರ ಮನೆಯಿಂದ ಸೋಫಾ ತಂದಿಟ್ಟವರನ್ನೂ ಕಂಡಿದ್ದೇನೆ. ಆದಾಯದ ದಾಖಲೆ, ಡಾಕ್ಟರರ ಸರ್ಟಿಫಿಕೇಟು, ಪರಿಚಯದವರ ಇಬ್ಬರ ಪತ್ರ ಬೇಕು, ನಿಜ. ಆದರೆ ನಾನು ತಿಳಿಯಬೇಕಾದದ್ದು ಬೇರೆ. ಸೊಸೆ ಹಾಲು ಹಿಂಡಲು ಹೋದಾಗ ಅಳುವ ಕೂಸನ್ನು ಎತ್ತಿಕೊಳ್ಳುವವರು ಯಾರು? ಮೈದುನನ ಮಕ್ಕಳ ತಾಟಿಗೂ ಈ ಕೂಸಿನ ತಾಟಿಗೂ ಹೋಳಿಗೆ ಸಮನಾಗಿ ಬೀಳುವುದೇ? ನಾಳೆ ಶಾಲೆಯಲ್ಲಿ ಯಾರಾದರೂ 'ನಿನ್ನನ್ನು ತಂದಿದ್ದಾರೆ' ಎಂದರೆ ಕೂಸು ಓಡಿ ಬಂದು ಯಾರನ್ನು ಕೇಳೀತು, ಅವರು ಏನು ಹೇಳಿಯಾರು?

ಹೊತ್ತು ಮುಳುಗುವುದರೊಳಗೆ ಊಟಕ್ಕೆ ಕೂಡಿಸಿದರು. ರೊಟ್ಟಿ ಬಡಿಸುತ್ತಲೇ ಆಯಿ ಮನಸ್ಸಿನ ಮಾತು ತೆಗೆದರು. "ಹೊರಗಿನ ಕೂಸು ಯಾಕ ಬೇಕು? ಸಣ್ಣ ಮಗನ ಹುಡುಗನ್ನ ಇವರ ಉಡ್ಯಾಗ ಹಾಕಿದರ ಆತಲ್ಲ. ಯಾವ ಕುಲದ್ದೊ, ಯಾರ ಪಾಪದ್ದೊ ನಮಗೇನ ಗೊತ್ತ?"

ಅದು ಒಬ್ಬ ಆಯಿಯ ಮಾತಲ್ಲ. ಉಡಿಯಲ್ಲಿ ಹಾಕುವ ಪದ್ಧತಿ ನಮ್ಮಲ್ಲಿ ಹಳೆಯದು. ಅದರಲ್ಲಿಯೂ ಜೈನರ ರೂಢಿ ಕೆಲವು ವಿಷಯಗಳಲ್ಲಿ ಇತರರಿಗಿಂತ ಮುಂದಿತ್ತು. ಪಿಂಡ ಹಾಕಲು ಮಗ ಬೇಕೆಂಬ ಹಂಗು ನಮ್ಮಲ್ಲಿ ಇಲ್ಲವಾದ್ದರಿಂದ ದತ್ತಕವೆಂಬುದು ಮನೆ, ಆಸ್ತಿ, ಮಮತೆಯ ಮಾತಾಗಿತ್ತು. ಮಗನಿಲ್ಲದ ಜೈನ ವಿಧವೆಯು ಗಂಡನ ಅಪ್ಪಣೆ ಇಲ್ಲದೆಯೂ ದತ್ತಕ ಪಡೆಯಬಹುದೆಂಬ ರೂಢಿಯನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1878ರಲ್ಲಿಯೇ ಶಿವಸಿಂಗ್ ರಾಯ್ ಮತ್ತು ದಾಖೋ ಅವರ ಪ್ರಕರಣದಲ್ಲಿ ಒಪ್ಪಿಕೊಂಡಿತು. ಮುಂದೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಜೈನರಿಗೂ ಅನ್ವಯಿಸಿತು. ಹೆಣ್ಣುಮಗುವನ್ನೂ ದತ್ತಕ ತೆಗೆದುಕೊಳ್ಳಬಹುದೆಂದು ಆ ಕಾಯಿದೆ ಸ್ಪಷ್ಟವಾಗಿ ಹೇಳಿತು. ದಾಯಾದಿಗಳೊಳಗೆ ಕೊಟ್ಟು ತೆಗೆದುಕೊಳ್ಳುವವರು ಇಂದಿಗೂ ಈ ಕಾಯಿದೆಯಂತೆ ಪತ್ರ ಮಾಡಿ ನೋಂದಣಿ ಮಾಡಿಸುತ್ತಾರೆ. ಅದರಲ್ಲಿ ತಪ್ಪಿಲ್ಲ.

ಆದರೆ ಕೊಡುವ ತಾಯಿಯ ಮನಸ್ಸು? ಸಣ್ಣ ಸೊಸೆ ಒಲೆಯ ಮುಂದೆ ಕುಳಿತಿದ್ದಳು. ಆಯಿಯ ಮಾತಿಗೆ ಅವಳ ಕೈಯೊಳಗಿನ ಹಿಟ್ಟಿನ ಉಂಡೆ ಅಲ್ಲೇ ನಿಂತಿತು. ಇರುವವನು ಒಬ್ಬನೇ ಮಗ. ನಾನು ವರದಿಯಲ್ಲಿ ಅದನ್ನೂ ಬರೆದುಕೊಂಡೆ.

ಮರಳಿ ಬಸ್ ಸ್ಟ್ಯಾಂಡಿಗೆ ಬಿಡಲು ಬಂದ ಗಂಡ ದಾರಿಯಲ್ಲಿ ಮೋಟಾರ್ ಸೈಕಲ್ ನಿಲ್ಲಿಸಿದರು. "ಅಕ್ಕಾರ, ಒಂದ ಮಾತ ಕೇಳಲೇನ್ರಿ? ಒಂದ ದವಾಖಾನಿಯಾಗ ಕೂಸ ಐತೆಂತ. ಜನ್ಮದ ದಾಖಲೆ ನಮ್ಮ ಹೆಸರಿಲೇ ಮಾಡಿ ಕೊಡತೀವಿ ಅಂತಾರ. ರೊಕ್ಕ ಕೇಳ್ಯಾರ. ವರ್ಷಗಟ್ಟಲೆ ಕಾಯೂದಕಿಂತ ಅದ ಚಲೋ ಅಲ್ಲೇನ್ರಿ?"

ಈ ಪ್ರಶ್ನೆ ನನಗೆ ಹೊಸದಲ್ಲ. ಕೇಳುವವರು ಕೆಟ್ಟವರೂ ಅಲ್ಲ, ಕಾದು ದಣಿದವರು. ನಾನು ಹೇಳಿದ್ದು ಇಷ್ಟು: ಕೂಸು ಮಾರುವುದು, ಕೊಳ್ಳುವುದು ಬಾಲನ್ಯಾಯ ಕಾಯಿದೆಯಲ್ಲಿ ಐದು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿ ದಂಡದ ಅಪರಾಧ, ಅದರಲ್ಲಿ ಆಸ್ಪತ್ರೆಯವರೇ ಕೈಗೂಡಿಸಿದರೆ ಮೂರರಿಂದ ಏಳು ವರ್ಷ. ಅದಕ್ಕೂ ಹೆಚ್ಚಿನ ಮಾತೊಂದಿದೆ. ಆ ಕೂಸಿನ ಹೆತ್ತವಳು ತಾನಾಗಿ ಕೊಟ್ಟಳೋ, ಸತ್ತಿದೆ ಎಂದು ಅವಳಿಗೆ ಹೇಳಿದರೋ ನಿಮಗೆ ತಿಳಿಯುವ ದಾರಿಯೇ ಇಲ್ಲ. ಐದು ವರ್ಷದ ಮೇಲೆ ಪೊಲೀಸರೊಡನೆ ಬಾಗಿಲಿಗೆ ಬಂದು ನಿಂತರೆ ಕೂಸಿಗೆ ಏನು ಹೇಳುತ್ತೀರಿ? ಅವರು ಉತ್ತರ ಕೊಡಲಿಲ್ಲ, ಗಾಡಿ ಚಾಲು ಮಾಡಿದರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅವರು ಆ ದವಾಖಾನೆಗೆ ಹೋಗಲಿಲ್ಲವೆಂಬುದು ತಿಂಗಳ ಮೇಲೆ ಗೊತ್ತಾಯಿತು.

ನಮ್ಮ ಕಡೆಗೆ ಈ ಕೆಲಸ ನಿನ್ನೆ ಮೊನ್ನೆಯದಲ್ಲ. ಜೋತಿಬಾ ಫುಲೆ, ಸಾವಿತ್ರಿಬಾಯಿ ಅವರು 1863ರಲ್ಲಿ ಪುಣೆಯಲ್ಲಿ ಶಿಶುಹತ್ಯಾ ಪ್ರತಿಬಂಧಕ ಗೃಹ ತೆರೆದರು. ಮೋಸಹೋದ ವಿಧವೆಯರು ಅಲ್ಲಿಗೆ ಗುಟ್ಟಾಗಿ ಬಂದು ಹೆತ್ತು, ಬೇಕೆಂದರೆ ಕೂಸನ್ನು ಬಿಟ್ಟು ಹೋಗಬಹುದಾಗಿತ್ತು. ಹಾಗೆ ಹುಟ್ಟಿದ ಒಂದು ಗಂಡುಮಗುವನ್ನು 1874ರಲ್ಲಿ ಆ ದಂಪತಿಗಳೇ ದತ್ತಕ ಪಡೆದು ಯಶವಂತನೆಂದು ಹೆಸರಿಟ್ಟರು, ಅವನು ಡಾಕ್ಟರನಾದ. ಜತ್ತದಿಂದ ದೂರವಲ್ಲದ ಪಂಢರಪುರದಲ್ಲಿ 1875ರಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ಲಾಲಶಂಕರ ಉಮಿಯಾಶಂಕರರ ಮುತುವರ್ಜಿಯಿಂದ ಅನಾಥ ಶಿಶುಗಳ ಆಶ್ರಮವೊಂದು ಆರಂಭವಾಯಿತು. ಪ್ರಾರ್ಥನಾ ಸಮಾಜ ಅದನ್ನು ನಡೆಸಿಕೊಂಡು ಬಂದಿತು. ಯಾತ್ರೆಯ ಊರಿನಲ್ಲಿ ಎಂಥೆಂಥ ಕೂಸುಗಳು ದೊರಕುತ್ತಿದ್ದವೆಂಬುದನ್ನು ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳನ್ನು ಹೊರದೇಶಕ್ಕೆ ಕಳಿಸುವುದರಲ್ಲಿ ದಂಧೆ ನಡೆದಿದೆಯೆಂದು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು 1982ರಲ್ಲಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಕೊಟ್ಟ ತೀರ್ಪಿನಿಂದಲೇ ಇಂದಿನ ನಿಯಮಗಳು ಮೊಳೆತವು. ಕೇಂದ್ರದ ದತ್ತಕ ಸಂಸ್ಥೆ 'ಕಾರಾ' 1990ರಲ್ಲಿ ಬಂದಿತು. ಈಗ ಅರ್ಜಿ, ಪಾಳಿ ಎಲ್ಲವೂ ಕಂಪ್ಯೂಟರಿನಲ್ಲಿ. ದತ್ತಕದ ಅಂತಿಮ ಆದೇಶವನ್ನು ಹಿಂದೆ ನ್ಯಾಯಾಲಯ ಕೊಡುತ್ತಿತ್ತು, 2022ರ ಸೆಪ್ಟೆಂಬರ್ 1ರಿಂದ ಜಿಲ್ಲಾಧಿಕಾರಿ ಕೊಡುತ್ತಾರೆ. ಎರಡು ವರ್ಷದೊಳಗಿನ ಕೂಸು ಬೇಕಾದರೆ ಗಂಡಹೆಂಡಿರ ವಯಸ್ಸು ಕೂಡಿ 85 ಮೀರಬಾರದು. 2024-25ರಲ್ಲಿ ದೇಶದಲ್ಲಿ 4,515 ದತ್ತಕಗಳಾದವು. ಕಾಯುತ್ತಿರುವ ದಂಪತಿಗಳಾದರೋ ಹತ್ತಾರು ಸಾವಿರ. ಮೂರು ವರ್ಷ, ಅದಕ್ಕೂ ಹೆಚ್ಚು ಕಾಯುವುದು ಇದರಿಂದಲೇ.

"ಇಷ್ಟೊಂದು ಅನಾಥ ಮಕ್ಕಳಿರುವಾಗ ಪಾಳಿ ಯಾಕೆ?" ಎಂದು ಬಸದಿಯ ಕಟ್ಟೆಯ ಮೇಲೆ ಹಲವರು ನನ್ನನ್ನು ಕೇಳಿದ್ದಾರೆ. ಆಶ್ರಮದಲ್ಲಿರುವ ಎಲ್ಲ ಮಕ್ಕಳೂ ದತ್ತಕಕ್ಕೆ ಇರುವವರಲ್ಲ. ಬಹುಪಾಲು ಮಕ್ಕಳಿಗೆ ತಾಯಿಯೋ, ಅಜ್ಜಿಯೋ, ಸೋದರಮಾವನೋ ಇದ್ದಾರೆ. ನಮ್ಮ ಕೆಲಸದ ಮೊದಲ ಅರ್ಧ ಕೂಸನ್ನು ಕೊಡುವುದಲ್ಲ, ಅದರ ಮನೆ ಇನ್ನೂ ಎಲ್ಲಿಯಾದರೂ ಇದೆಯೇ ಎಂದು ಹುಡುಕುವುದು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ತಪ್ಪು ಮಾಡಿ ಕಲಿತೆ.

2017ರ ಚಳಿಗಾಲ. ಸಕ್ಕರೆ ಕಾರಖಾನೆಗಳ ಸೀಮೆಯ ಒಂದು ಊರಿನ ಬಸ್ ಸ್ಟ್ಯಾಂಡಿನಲ್ಲಿ ಮೂರೂವರೆ ವರ್ಷದ ಹುಡುಗಿ ಸಿಕ್ಕಿದ್ದಳು. ಒಂದು ಬಾಲಗೃಹಕ್ಕೆ ಸೇರಿಸಿದ್ದರು. ಫೈಲಿನಲ್ಲಿ 'ಮಾತು ಬರುವುದಿಲ್ಲ' ಎಂದು ಬರೆದಿತ್ತು. ನಾನು ಎರಡು ಸಲ ಹೋಗಿ ಬಂದೆ. ಹುಡುಗಿ ಗೋಡೆಗೆ ಒರಗಿ ಕುಳಿತಿರುತ್ತಿದ್ದಳು. ಮರಾಠಿಯಲ್ಲಿ ಹೆಸರು ಕೇಳಿದೆ, ಸುಮ್ಮನಿದ್ದಳು. ಬರೆದದ್ದು ಸರಿಯೆಂದು ಫೈಲು ಮುಚ್ಚಿದೆ. ಎರಡು ವರ್ಷ ಮೀರಿದ ಮಗುವಿನ ಹೆತ್ತವರು ನಾಲ್ಕು ತಿಂಗಳೊಳಗೆ ಪತ್ತೆಯಾಗದಿದ್ದರೆ ಮಕ್ಕಳ ಕಲ್ಯಾಣ ಸಮಿತಿ ಅದನ್ನು ದತ್ತಕಕ್ಕೆ ಮುಕ್ತವೆಂದು ಸಾರಬಹುದು. ಪತ್ರಿಕೆಯಲ್ಲಿ ಪ್ರಕಟಣೆಯೂ ಬಂದಿತ್ತು, ಮರಾಠಿಯಲ್ಲಿ.

ಮೂರನೆಯ ಸಲ ಹೋದಾಗ ನನ್ನ ಚೀಲದಲ್ಲಿ ಅವ್ವ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ ಇತ್ತು. ನನ್ನಷ್ಟಕ್ಕೆ ನಾನೇ "ಒಣಗೇತಿ ಇದು" ಎಂದೆ. ಹುಡುಗಿ ತಲೆ ಎತ್ತಿದಳು. ಹತ್ತಿರ ಬಂದು, "ನನಗ ಕೊಡ" ಎಂದಳು. ಕನ್ನಡ! ತಿನ್ನುತ್ತ ಕುಳಿತವಳನ್ನು "ಅವ್ವ ಎಲ್ಲಿ ಹೋಗ್ಯಾಳ ಪುಟ್ಟಿ?" ಎಂದು ಕೇಳಿದರೆ, "ಅವ್ವ ಕಬ್ಬಿಗೆ ಹೋಗ್ಯಾಳ" ಎಂದಳು.

ನಾನು ಹುಟ್ಟಿದ್ದು ಅದೇ ಮಾತಿನ ಸೀಮೆಯಲ್ಲಿ. ಎರಡು ಸಲ ಹೋಗಿ ಬಂದವಳಿಗೆ ಒಂದು ಮಾತು ಕನ್ನಡದಲ್ಲಿ ಆಡಿ ನೋಡಬೇಕೆಂದು ಹೊಳೆಯಲಿಲ್ಲವಲ್ಲ ಎಂಬ ನಾಚಿಕೆ ಇಂದಿಗೂ ಹೋಗಿಲ್ಲ.

ಉಳಿದದ್ದು ಒಂದೇ ತಿಂಗಳು. ಜತ್ತದ ಪೂರ್ವಭಾಗದಿಂದ ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಟೋಳಿ ಟೋಳಿಯಾಗಿ ಜನ ಹೋಗುತ್ತಾರೆ. ಅವರನ್ನು ಕರೆದೊಯ್ಯುವ ಮುಕಾದಮರಿರುತ್ತಾರೆ. ಹುಡುಗಿಯ ಫೋಟೋ ಹಿಡಿದು ಅವರನ್ನೇ ಕೇಳುತ್ತ ಹೊರಟೆ. ಇಬ್ಬರು ತಲೆ ಅಲ್ಲಾಡಿಸಿದರು. ಮೂರನೆಯವರು ಗುರುತು ಹಿಡಿದರು. ತಂದೆ ತೀರಿಕೊಂಡಿದ್ದ. ತಾಯಿ ಟೋಳಿಯೊಡನೆ ಹೋದವಳು, ಬಸ್ಸು ಬದಲಿಸುವ ಗದ್ದಲದಲ್ಲಿ ಕೂಸನ್ನು ಕಳೆದುಕೊಂಡಿದ್ದಳು. ಬೇರೊಂದು ತಾಲೂಕಿನಲ್ಲಿ ದೂರು ಬರೆಸಿದ್ದಳು. ಆ ಕಾಗದವೂ ನಮ್ಮ ಕಾಗದವೂ ಒಂದನ್ನೊಂದು ನೋಡಿರಲಿಲ್ಲ. ಸಮಿತಿಯ ಮುಂದೆ ಆಕೆ ಮಾತೇ ಆಡಲಿಲ್ಲ, ಮಗಳ ಕಾಲು ಹಿಡಿದುಕೊಂಡು ಕುಳಿತಳು. ಮರುವರ್ಷದಿಂದ ಹುಡುಗಿ ಅಜ್ಜಿಯ ಹತ್ತಿರ ಉಳಿದು ಶಾಲೆಗೆ ಹೋಗಲೆಂದು ಮಹಾರಾಷ್ಟ್ರ ಸರಕಾರದ ಬಾಲ ಸಂಗೋಪನ ಯೋಜನೆಯಲ್ಲಿ ತಿಂಗಳ ಸಹಾಯಧನ ಮಾಡಿಸಿದೆವು.

ಕೊಡುವ ತಾಯಂದಿರ ಮಾತನ್ನು ಯಾರೂ ಕೇಳುವುದಿಲ್ಲ. ಮದುವೆಯಾಗದ ಹುಡುಗಿ ಸಮಿತಿಯ ಮುಂದೆ ಕೂಸನ್ನು ಒಪ್ಪಿಸಿ ಸಹಿ ಮಾಡಿದ ಮೇಲೆ ಅರವತ್ತು ದಿನ ಕಾಯಬೇಕು. ಅಷ್ಟರೊಳಗೆ ಮನಸ್ಸು ತಿರುಗಿದರೆ ಮರಳಿ ಒಯ್ಯಬಹುದು. ಅಂಥ ಒಬ್ಬಳು ಐವತ್ತನೆಯ ದಿನದ ಮೇಲೆ ಬಂದಳು. ಒಯ್ಯಲು ಬಂದಿರಲಿಲ್ಲ, ತನ್ನ ಕೈಯಿಂದ ಹೊಲಿದ ಕುಂಚಿಗೆ ಕೊಡಲು ಬಂದಿದ್ದಳು. 'ಯಾರ ಪಾಪದ್ದೊ' ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಆ ಕುಂಚಿಗೆ ಕಣ್ಣ ಮುಂದೆ ಬರುತ್ತದೆ.

ತಿಕೋಂಡಿಯ ಆ ಮನೆಗೆ ಕೂಸು ಬರಲು ಮೂರೂವರೆ ವರ್ಷ ಹಿಡಿಯಿತು. ನಡುವೆ ಕೊರೊನಾ ಬಂದು ಹೋಯಿತು. ಮನೆಯ ವರದಿಗೆ ಮೂರು ವರ್ಷದ ಆಯುಷ್ಯ; ಅದು ಮುಗಿದು 2022ರಲ್ಲಿ ನಾನು ಮತ್ತೆ ಹೋಗಿ ಬರೆದೆ. ಆ ವರ್ಷ ನವೆಂಬರಿನಲ್ಲಿ ಜತ್ತದ ಹಳ್ಳಿಗಳು ಯಾವ ರಾಜ್ಯಕ್ಕೆ ಸೇರಬೇಕೆಂದು ಪತ್ರಿಕೆಗಳಲ್ಲೆಲ್ಲ ವಾದ ನಡೆದಿದ್ದಾಗ, ಆ ಮನೆಯ ಮೊಬೈಲಿಗೆ ಒಂದು ಕೂಸಿನ ಫೋಟೋ ಬಂದಿತು. ಒಪ್ಪುವುದೋ ಬಿಡುವುದೋ ನಲವತ್ತೆಂಟು ತಾಸಿನಲ್ಲಿ ಹೇಳಬೇಕು. ಅವರಿಗೆ ಅಷ್ಟೊತ್ತು ಬೇಕಾಗಲಿಲ್ಲ. ಏಳು ತಿಂಗಳ ಹೆಣ್ಣುಮಗು ಡಿಸೆಂಬರಿನಲ್ಲಿ ಮನೆಗೆ ಬಂದಿತು.

ಮುಂದೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಹೋಗಿ ನೋಡಬೇಕೆಂಬುದು ನಿಯಮ. ಮೊದಲ ಸಲ ಹೋದಾಗ ಆಯಿ ಕೂಸಿನಿಂದ ದೂರ ಕುಳಿತಿದ್ದರು. ಎರಡನೆಯ ಸಲ ಕೂಸು ಅವರ ಇಳಕಲ್ ಸೀರೆಯ ಹಳೆಯ ತುಂಡುಗಳಿಂದ ಹೊಲಿದ ಕೌದಿಯ ಮೇಲೆ ಮಲಗಿತ್ತು. ಯಾರು ಹೊಲಿದದ್ದೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸೊಸೆಗೆ ಮಾತ್ರ ಒಂದು ಮಾತು ಪ್ರತಿಸಲ ಹೇಳಿದೆ: ದತ್ತಕದ ವಿಷಯ ಮುಚ್ಚಿಡಬೇಡಿ, ಕತೆ ಹೇಳಿದಂತೆ ಸಣ್ಣಂದಿನಿಂದಲೇ ಹೇಳುತ್ತ ಬನ್ನಿ, ಬೇರೆಯವರ ಬಾಯಿಂದ ತಿಳಿಯಬಾರದು. ಆಕೆಗೆ ಅದು ಕಷ್ಟವೇ ಆಗಿತ್ತು.

ಕೊನೆಯ ಸಲ ಹೋದದ್ದು 2024ರ ಡಿಸೆಂಬರಿನಲ್ಲಿ. ಹುಡುಗಿ ನನ್ನ ಪೆನ್ನು ಕಸಿದುಕೊಂಡು ವರದಿಯ ಮೇಲೆ ಗೀಚುತ್ತಿದ್ದಳು. ಸೊಸೆ ಚಹಾ ತಂದವಳು, "ಅಕ್ಕಾರ, ನಿನ್ನೆ ರಾತ್ರಿ ಕತಿ ಹೇಳಾಕ ಸುರು ಮಾಡೇನ್ರಿ" ಎಂದಷ್ಟೇ ಹೇಳಿ ಒಳಗೆ ಹೋದಳು.

"ಮತ್ತ ಯಾವಾಗ ಬರ್ತಿ ತಂಗಿ?" ಆಯಿ ಕೇಳಿದರು.

"ಇನ್ನ ಬರೂದಿಲ್ಲರಿ ಆಯಿ. ಎರಡು ವರ್ಷ ಮುಗದಾವು."

"ಹಂಗಾರ ಇಕಿನ್ನ ಕೇಳಾಕ ಇನ್ನ ಯಾರೂ ಬರೂದಿಲ್ಲ?"

"ಯಾರೂ ಬರೂದಿಲ್ಲರಿ."

ಆಯಿ ಹುಡುಗಿಯನ್ನು ಬಗಲಿಗೆ ಎತ್ತಿಕೊಂಡು, ಅವಳ ಮುಷ್ಟಿಯಿಂದ ನನ್ನ ಪೆನ್ನನ್ನು ಬಿಡಿಸಿ ಕೊಟ್ಟು, ಎಮ್ಮೆ ತೋರಿಸಲು ಹಕ್ಕಿಯ ಕಡೆ ನಡೆದರು.