ಲ್ಯಾಬಿನ ಕಂಪ್ಯೂಟರಿಗೊಂದು ಥರ್ಮಾಮೀಟರ್

ಲ್ಯಾಬಿನಲ್ಲಿ ಕಂಪ್ಯೂಟರ್ ಸ್ಲೋ ಆದ ಕೂಡಲೇ ನಾವು ಹೇಳುವುದು ಒಂದೇ ಮಾತು: 'ಹಳೇದಾಯ್ತು, ಹೊಸದು ಬರಲಿ.' ಯಾಕೆ ನಿಧಾನವಾಯಿತು ಎಂದು ಅಳೆದು ನೋಡುವುದು ಕಡಿಮೆ. ಆದರೆ ಅಳೆಯುವ ಸಾಧನ ಅದರೊಳಗೇ ಇದೆ.

ಕೇರಳದ ಶಾಲೆಗಳ ಕೈಟ್ ಗ್ನು ಲಿನಕ್ಸ್ ಇರಲಿ, ಬೇರೆ ಯಾವ ಲಿನಕ್ಸ್ ಇರಲಿ, 'ಪ್ರಾಕ್' ಎಂಬ ಫೋಲ್ಡರಿನಲ್ಲಿ 'ಸ್ಟ್ಯಾಟ್' ಎಂಬ ಫೈಲ್ ಇದೆ. ಅದು ಡಿಸ್ಕಿನಲ್ಲಿ ಇರುವ ಫೈಲ್ ಅಲ್ಲ. ನಾವು ತೆರೆದಾಗ ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಆ ಕ್ಷಣದಲ್ಲಿ ಬರೆದುಕೊಡುತ್ತದೆ. ಯಂತ್ರ ಆನ್ ಆದಾಗಿನಿಂದ ಪ್ರೊಸೆಸರ್ ಯಾವುದಕ್ಕೆ ಎಷ್ಟು ಹೊತ್ತು ಕಳೆಯಿತು ಎಂಬ ಲೆಕ್ಕ ಅದರ ಮೊದಲ ಸಾಲಿನಲ್ಲಿರುತ್ತದೆ. ಏಕಮಾನ ಸಾಮಾನ್ಯವಾಗಿ ಸೆಕೆಂಡಿನ 100ನೇ ಒಂದು ಭಾಗ. ಮೊದಲ ಸಂಖ್ಯೆ ನಮ್ಮ ಪ್ರೋಗ್ರಾಂಗಳ ಹೊತ್ತು, ಮೂರನೆಯದು ಕರ್ನೆಲಿನದು, ನಾಲ್ಕನೆಯದು ಸುಮ್ಮನಿದ್ದದ್ದು, ಐದನೆಯದು ಡಿಸ್ಕಿಗಾಗಿ ಕಾದದ್ದು.

ಇದು ಮನೆಯ ಕರೆಂಟ್ ಮೀಟರಿನ ಹಾಗೆ. ಒಂದು ರೀಡಿಂಗಿನಿಂದ ಈ ತಿಂಗಳ ಬಿಲ್ ಗೊತ್ತಾಗುವುದಿಲ್ಲ, ಎರಡು ಬೇಕು. 10 ಸೆಕೆಂಡು ಬಿಟ್ಟು ಎರಡು ಸಲ ಓದಿ ಕಳೆಯಿರಿ. ನಾಲ್ಕು ಕೋರ್ ಇದ್ದರೆ ಮೊದಲ ಎಂಟು ಸಂಖ್ಯೆಗಳು ಒಟ್ಟು ಸುಮಾರು 4000 ಏರಿರುತ್ತವೆ. ಅದರಲ್ಲಿ ನಾಲ್ಕನೆಯದೇ 3600 ಏರಿದ್ದರೆ ಪ್ರೊಸೆಸರ್ ಶೇ. 90 ಖಾಲಿ ಕೂತಿತ್ತು ಎಂದರ್ಥ!

ಪೈಥಾನಿನಲ್ಲಿ ಇದೇ ಕೆಲಸಕ್ಕೆ 'ಪಿಎಸ್‌ಯುಟಿಲ್' ಎಂಬ ಲೈಬ್ರರಿ ಇದೆ. ನಡುವೆ ಕಾಯುವ ಸಮಯ ಕೊಡದೆ ಪ್ರೊಸೆಸರ್ ಶೇಕಡಾ ಕೇಳಿದರೆ ಮೊದಲ ಸಲ 0 ಎಂದು ಬರುತ್ತದೆ. ಯಾಕೆಂದು ಮಕ್ಕಳನ್ನೇ ಕೇಳಿ: ಕಳೆಯಲು ಹಿಂದಿನ ರೀಡಿಂಗ್ ಇಲ್ಲವಲ್ಲ!

ಇನ್ನೂ ಆಳದ ಲೆಕ್ಕ ಪ್ರೊಸೆಸರ್ ಚಿಪ್ಪಿನೊಳಗಿನ ಕೌಂಟರುಗಳಲ್ಲಿದೆ. ಎಷ್ಟು ಆಜ್ಞೆ ನಡೆಯಿತು, ಬೇಕಾದದ್ದು ಕ್ಯಾಶ್‌ನಲ್ಲಿ ಎಷ್ಟು ಸಲ ಸಿಗಲಿಲ್ಲ ಎಂದು ಅವು ಎಣಿಸುತ್ತವೆ. ಅದನ್ನು ಕೇಳಲು ಲಿನಕ್ಸ್‌ನಲ್ಲಿ 'ಪರ್ಫ್ ಇವೆಂಟ್ ಓಪನ್' ಎಂಬ ಕರೆ 2009ರಿಂದ ಇದೆ. ಕೇಳುವ ಕ್ರಮ ಮಾತ್ರ ಸಿ ಭಾಷೆಯದು. ರಸ್ಟ್‌ನಂಥ ಬೇರೆ ಭಾಷೆಯಿಂದ ಕೇಳಬೇಕಾದರೆ ನಡುವೆ ಒಬ್ಬ ದುಭಾಷಿ ಬೇಕು. ಅದೇ ಬೈಂಡಿಂಗ್.

ಬೈಂಡಿಂಗ್ ಬರೆಯುವುದೆಂದರೆ ಬ್ಯಾಂಕ್ ಚಲನ್ ತುಂಬಿದಂತೆ. ಮೊದಲ 32 ಬಿಟ್‌ಗಳಲ್ಲಿ ಯಾವ ಬಗೆಯ ಎಣಿಕೆ, ಮುಂದಿನ 32ರಲ್ಲಿ ಚಲನಿನ ಗಾತ್ರ, ಆಮೇಲಿನ 64ರಲ್ಲಿ ಏನನ್ನು ಎಣಿಸಬೇಕು ಎಂಬ ಸಂಖ್ಯೆ. 1 ಎಂದರೆ ಆಜ್ಞೆಗಳು, 3 ಎಂದರೆ ಕ್ಯಾಶ್‌ನಲ್ಲಿ ಸಿಗದೇ ಹೋದವು. ರಸ್ಟ್ ತನ್ನ ಅನುಕೂಲಕ್ಕೆ ಮನೆಗಳನ್ನು ಹಿಂದೆಮುಂದೆ ಮಾಡಬಹುದು. ಆದ್ದರಿಂದ 'ಸಿ ಕ್ರಮದಲ್ಲೇ ಇಡು' ಎಂದು ಮೊದಲೇ ಹೇಳಬೇಕು. ಒಂದು ಮನೆ ಜರುಗಿದರೆ ಕರ್ನೆಲ್ ಚಲನ್ ತಿರಸ್ಕರಿಸಬಹುದು, ಅದು ಒಳ್ಳೆಯದೇ. ತಿರಸ್ಕರಿಸದೆ ನಾವು ಕೇಳದ್ದನ್ನು ಎಣಿಸಿ ಕೊಟ್ಟರೆ? ಉತ್ತರ ಚಂದವಾಗೇ ಕಾಣುತ್ತದೆ, ತಪ್ಪಾಗಿರುತ್ತದೆ. ತೂಕಕ್ಕೆ ಮೊದಲು ತಕ್ಕಡಿಯ ಮುಳ್ಳು ನೋಡುವ ಅಭ್ಯಾಸ ಇಲ್ಲಿಯೂ ಬೇಕು. ಲೆಕ್ಕ ಗೊತ್ತಿರುವ ಸಣ್ಣ ಪ್ರೋಗ್ರಾಂ ಓಡಿಸಿ ತಾಳೆ ನೋಡಿ.

ಇನ್ನು ನಮ್ಮ ಲ್ಯಾಬಿಗೆ ಬರೋಣ. ಬ್ರೌಸರ್ ತೆರೆದು ಯಂತ್ರ ತಡವರಿಸುವಾಗಲೇ ಎರಡು ರೀಡಿಂಗ್ ತೆಗೆಯಿರಿ. ಮೊದಲ ಸಂಖ್ಯೆ ಜೋರಾಗಿ ಏರಿದರೆ ಪ್ರೊಸೆಸರಿಗೆ ನಿಜವಾಗಿ ಹೊರೆ ಇದೆ. ಐದನೆಯದು ಏರಿದರೆ ತೊಡಕು ಡಿಸ್ಕಿನದೋ ಮೆಮೊರಿಯದೋ ಇರಬಹುದು. ಇದು ಸುಳಿವು ಮಾತ್ರ, ತೀರ್ಪಲ್ಲ. ಪಕ್ಕದ 'ಮೆಮ್‌ಇನ್ಫೋ' ಫೈಲನ್ನೂ ನೋಡಿ. ಅದರಲ್ಲಿ ಬಳಕೆಗೆ ಸಿಗುವ ಮೆಮೊರಿ ತೀರಾ ಕಡಿಮೆ ಇದ್ದರೆ ಹೊಸ ಕಂಪ್ಯೂಟರೇ ಬೇಕೆಂದಿಲ್ಲ, ಒಂದು ರ‍್ಯಾಮ್ ಸಾಕಾಗಬಹುದು.

ಎಂಟನೇ ತರಗತಿಯ ಮಗುವಿಗೆ ಬೇಕಾದದ್ದು ಕಳೆಯುವ ಲೆಕ್ಕ ಮತ್ತು ಶೇಕಡಾ, ಅಷ್ಟೇ. ಇಂಡೆಂಟ್ ಬರೆಯುವ ಮೊದಲು ಮಕ್ಕಳ ಕೈಲಿ ಒಂದು ಪಟ್ಟಿ ಮಾಡಿಸಿ, ಯಂತ್ರಕ್ಕೆ ಒಂದು ಸಾಲು.